ಕಣ್ಣು ಮಿಟುಕಿಸಮ್ಮ, ರೇಷನ್ ತಗೋ

ಭಾನುವಾರ ನಮ್ಮ ಬಡಾವಣೆಯಲ್ಲೊಂದು ‘ಪೇರೆಂಟಿಂಗ್ ಕಾರ್ಯಾಗಾರ’. ಹೆತ್ತವರಿಗೆ ನೆರವಾಗುವ ಕೇಂದ್ರಗಳು ನಮ್ಮಲ್ಲೂ ಬರಬೇಕು ಎಂದು ತಜ್ಞರು ಅಪ್ಪಣೆ ಕೊಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ಸ್ವಾಮೀ, ಅವು 1975ರ ಅಕ್ಟೋಬರ್ 2ರಂದೇ ಬಂದಿವೆ. ದೇಶದಲ್ಲಿ ಆಯ್ದ 33 ಬ್ಲಾಕ್‌ಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅಂಗನವಾಡಿ ಅಂತಾರೆ. ಸಭಾಂಗಣದ ಹಿಂದಿನ ಗಲ್ಲಿಯಲ್ಲೇ ಒಂದಿದೆ.

ಇಲಾಖೆಯ ಲೆಕ್ಕದಲ್ಲಿ ಅಂಗನವಾಡಿ ಎಂದರೆ ತೂಕ, ಎತ್ತರ, ಚುಚ್ಚುಮದ್ದು, ಊಟ. ಜನ ಅದನ್ನು ಬಳಸಿಕೊಳ್ಳುವ ಬಗೆಯೇ ಬೇರೆ. ಗಾರೆ ಕೆಲಸದವಳು ‘ಟೀಚರಮ್ಮ, ರಾತ್ರಿಯೆಲ್ಲ ಭೇದಿ, ವಸಿ ನೋಡ್ಕಳಿ’ ಎಂದು ಮಗುವನ್ನು ಹೊಸಿಲೊಳಗೆ ಬಿಟ್ಟು ಓಡುತ್ತಾಳೆ. ಬಾಣಂತಿ ಮೊಟ್ಟೆಯ ನೆಪದಲ್ಲಿ ಬಂದು ಅತ್ತೆಯ ಮೇಲಿನ ದೂರು ಹೇಳಿ ಹಗುರಾಗುತ್ತಾಳೆ. ಕುಡುಕ ಗಂಡನ ಪಂಚಾಯ್ತಿ ಠಾಣೆಗಿಂತ ಮೊದಲು ಇಲ್ಲಿಗೇ ಬರುತ್ತದೆ. ಇದಕ್ಕೆಲ್ಲ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರು ಕೇಂದ್ರಕ್ಕೇ ಬಂದು ಉಣ್ಣಬೇಕು ಅಂದರು. ಮಲೆನಾಡಿನ ಒಂಟಿಮನೆಯ ತುಂಬು ಬಸುರಿ ಒಂದು ಊಟಕ್ಕಾಗಿ ಗುಡ್ಡ ಇಳಿದು ಹತ್ತಬೇಕೆ ಎಂದು ಕೇಳುವವರಿರಲಿಲ್ಲ.

ಈಗ ಪೋಷಣ್ ಟ್ರ್ಯಾಕರ್ ಆ್ಯಪ್. 2025ರ ಜುಲೈನಿಂದ ಮನೆಗೊಯ್ಯುವ ರೇಷನ್ನಿಗೆ ಮುಖ ತೋರಿಸುವುದು ಕಡ್ಡಾಯ. ಕಾರ್ಯಾಗಾರದ ಮಾರನೇ ದಿನ ಹಿಂದಿನ ಗಲ್ಲಿಗೆ ಹೋದೆ. ಟೀಚರಮ್ಮ ಬಾಣಂತಿಯೊಬ್ಬಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ‘ಕಣ್ಣು ಮಿಟುಕಿಸಮ್ಮ, ಇನ್ನೊಂದ್ಸಲ’ ಎನ್ನುತ್ತಿದ್ದರು. ಅವಳು ಮಿಟುಕಿಸಿದಳು. ನೆಟ್‌ವರ್ಕ್ ಮಿಟುಕಿಸಲಿಲ್ಲ. ಕಂಕುಳಲ್ಲಿ ಕೂಸಿನ ರಾಗ. ಒಳಗೆ ಅನ್ನ ಸೀಯುತ್ತಿತ್ತು. ಆಯಮ್ಮ ಯಾವುದೋ ಮಗುವಿನ ಚಡ್ಡಿ ಬದಲಿಸುತ್ತಿದ್ದರು.

ಇನ್ನು ಈ ಟೀಚರಮ್ಮ, ಆಯಮ್ಮಂದಿರ ಗೌರವಧನ. ಮತದಾರರ ಪಟ್ಟಿಗೆ, ಸಮೀಕ್ಷೆಗೆ, ಮಂತ್ರಿ ಬಂದರೆ ಕುರ್ಚಿ ತುಂಬಿಸಲಿಕ್ಕೆ ಇವರೇ ಬೇಕು. ಸಂಬಳ ಎಂದರೆ ಮಾತ್ರ ‘ನೀವು ಸೇವೆಗೆ ಬಂದವರು’. ಕೇಂದ್ರ ಸರ್ಕಾರ 2018ರಲ್ಲಿ ತಿಂಗಳಿಗೆ 4,500 ರೂಪಾಯಿ ಮಾಡಿತು; ಆಮೇಲೆ ವರ್ಷಗಟ್ಟಲೆ ಕದಲಲಿಲ್ಲ. ಅದರ ಮೇಲೆ ರಾಜ್ಯ ಸೇರಿಸುವುದಕ್ಕೂ ಇವರು ಬಿಸಿಲಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂರಬೇಕು. ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ರೇಷನ್ ಕದಿಯುವವರನ್ನು ಹಿಡಿಯಲು ಮುಖ ಗುರುತು ಅಷ್ಟೊಂದು ಒಳ್ಳೆಯದಾದರೆ ಶಾಸಕರ ದಿನಭತ್ಯೆಗೂ ತನ್ನಿ. ಒಂದೇ ತೊಡಕು: ಕಣ್ಣು ಮಿಟುಕಿಸಬೇಕಾದರೆ ಸದನದಲ್ಲಿ ಮೊದಲು ಅದನ್ನು ತೆರೆದಿರಬೇಕು.