ಕಾಯಿಲೆಯ ಹೆಸರೊಂದೇ ಅಳತೆಯಾಗದಿರಲಿ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂಥ ರೋಗಿಗಳನ್ನು ಖಿನ್ನತೆಯ ಔಷಧ ಪರೀಕ್ಷಿಸುವಾಗ ಹೊರಗಿಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದೇ ಮಾತ್ರೆಯನ್ನು ಅವರಿಗೇ ಬರೆದುಕೊಡುತ್ತಾರೆ. ಈ ಪದ್ಧತಿ ನಿಲ್ಲಬೇಕು.

ಪ್ರಯೋಗಕ್ಕೆ ಯಾರು ಬೇಕೆಂದು ಮೊದಲು ತೀರ್ಮಾನಿಸುವುದು ಮನೋರೋಗದ ಹೆಸರು. ಅದೆಷ್ಟು ಗಟ್ಟಿ? ಅಮೆರಿಕದ ಮನೋರೋಗ ಕೈಪಿಡಿ ಡಿಎಸ್‌ಎಂ-5ರ ಒಂಬತ್ತು ಲಕ್ಷಣಗಳಲ್ಲಿ ಐದಿದ್ದರೆ ತೀವ್ರ ಖಿನ್ನತೆ. ಒಬ್ಬರಿಗೆ ನಿದ್ದೆಯೇ ಹತ್ತದು, ಇನ್ನೊಬ್ಬರು ಹಗಲೂ ಏಳರು. ಇಬ್ಬರಿಗೂ ಒಂದೇ ಹೆಸರು. ಆ ಕೈಪಿಡಿಯ ಕ್ಷೇತ್ರ ಪರೀಕ್ಷೆಯಲ್ಲಿ ಖಿನ್ನತೆಯ ವಿಷಯಕ್ಕೆ ಇಬ್ಬರು ವೈದ್ಯರ ಒಮ್ಮತದ ಅಂಕ 0.28; ಪೂರ್ಣ ಒಮ್ಮತವೆಂದರೆ 1. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕ ಥಾಮಸ್ ಇನ್ಸೆಲ್ ಅವರೇ ತಮ್ಮ ಸಂಶೋಧನೆ ಈ ವರ್ಗೀಕರಣದಿಂದ ದೂರ ಸರಿಯಲಿದೆ ಎಂದರು.

ಹೆಸರು ಸಿಕ್ಕರೂ ಪ್ರವೇಶ ಖಚಿತವಿಲ್ಲ. ಕುಡಿತಕ್ಕೆ ಬಿದ್ದವರು, ಬೇರೆ ಕಾಯಿಲೆ ಉಲ್ಬಣಿಸಿದವರು, ಸಾಯುವ ಮಾತಾಡುವವರು ಬಹುತೇಕ ಪ್ರಯೋಗಗಳಿಗೆ ಅನರ್ಹರು. ಖಿನ್ನತೆಯ ಚಿಕಿತ್ಸೆ ಕುರಿತ ಅಮೆರಿಕದ ಸ್ಟಾರ್-ಡಿ ಅಧ್ಯಯನದ ರೋಗಿಗಳಲ್ಲಿ ಮಾಮೂಲಿ ಪ್ರಯೋಗದ ಷರತ್ತಿಗೆ ಹೊಂದುತ್ತಿದ್ದವರು ಸುಮಾರು ಶೇ 22. ಉಳಿದವರಲ್ಲಿ ಗುಣ ಕಂಡವರ ಪ್ರಮಾಣ ಕಡಿಮೆ. ಮಳೆ ಕೈಕೊಟ್ಟ ವರ್ಷ ಸಾಲ, ಕುಡಿತ, ನಿದ್ದೆಗೇಡು ಒಟ್ಟಿಗೇ ಎರಗುವ ಚಿತ್ರದುರ್ಗದಂಥ ಜಿಲ್ಲೆಗೆ ಆ ಶೇ 22ರ ಲೆಕ್ಕ ಸಾಕೇ?

ಎಲ್ಲರನ್ನೂ ಸೇರಿಸಿದರೆ ಔಷಧದ ಪರಿಣಾಮ ಸ್ಪಷ್ಟವಾಗದು, ರೋಗಿಗೆ ಅಪಾಯವೂ ಹೆಚ್ಚು ಎನ್ನುತ್ತಾರೆ. ಪ್ರಯೋಗದ ಮೊದಲ ಹಂತಗಳಿಗೆ ಈ ಎಚ್ಚರ ನ್ಯಾಯವೇ. ಕೊನೆಯ ಹಂತಕ್ಕೂ ಅದನ್ನೇ ಎಳೆದರೆ ಅಪಾಯ ತಪ್ಪುವುದಿಲ್ಲ. ಅದು ಪ್ರಯೋಗದ ನಿಗಾದಿಂದ ಜಾರಿ ಹಳ್ಳಿಯ ರೋಗಿಯ ಮೈಮೇಲೆ ಬೀಳುತ್ತದೆ.

ಒಳಗೆ ಸೇರಿಸಿಕೊಳ್ಳುವಾಗಲೂ ಹೊಣೆ ಬೇಕು. ಭಾರತದಲ್ಲಿ ಉನ್ಮಾದದ 290 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ರಿಸ್ಪೆರಿಡೋನ್ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೊಟ್ಟದ್ದು ಔಷಧವಿಲ್ಲದ ಹುಸಿಮಾತ್ರೆ. ಉನ್ಮಾದದ ಸ್ಥಿತಿಯಲ್ಲಿ ಪಡೆದ ಒಪ್ಪಿಗೆ ಎಂಥದ್ದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಸಂಶೋಧನೆಗೆ ಮುಕ್ತ, ತಿಳಿದುಕೊಟ್ಟ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಅದು ಕಾಗದದಲ್ಲಿ ಉಳಿಯಬಾರದೆಂದರೆ ರೋಗ ನಿರ್ಣಯಿಸುವ ವೈದ್ಯರೇ ಪ್ರಯೋಗಕ್ಕೆ ಜನ ಸೇರಿಸಬಾರದು. ತಮ್ಮ ಡಾಕ್ಟರಿಗೆ ‘ಬೇಡ’ ಎನ್ನುವ ಧೈರ್ಯ ಎಷ್ಟು ರೋಗಿಗಳಿಗಿದೆ?

ದಾರಿ ಹೊಸದೇನಲ್ಲ. ನಿಮ್ಹಾನ್ಸ್ 1980ರ ದಶಕದಲ್ಲೇ ಪಕ್ಕದ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ತರಬೇತುಗೊಳಿಸಿ, ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಕೊಟ್ಟಿತು. ಅದೇ ಜಾಲದಲ್ಲಿ, ಸುರಕ್ಷತೆಯ ನಿಗಾ ಇಟ್ಟು, ರೋಗಿಗಳನ್ನು ಅವರಿರುವ ಸ್ಥಿತಿಯಲ್ಲೇ ಸೇರಿಸಿ ಔಷಧ ಪರೀಕ್ಷಿಸಲಿ. ನಿದ್ದೆ ಮರಳಿತೇ, ಕೆಲಸಕ್ಕೆ ಹೋಗುವಂತಾಯಿತೇ ಎಂದು ಅಳೆಯಲಿ. ಇಂಥ ಪುರಾವೆಯಿಲ್ಲದ ಮಾನಸಿಕ ಔಷಧಕ್ಕೆ ಔಷಧ ನಿಯಂತ್ರಕರು ಪೂರ್ಣ ಅನುಮತಿ ಕೊಡಕೂಡದು.