ಗುರುತಿನ ಮಾತು

ಕಳೆದ ತಿಂಗಳು ನಮ್ಮ ನೆರೆಮನೆಯ ವೃದ್ಧ ತಾಯಿಯೊಬ್ಬರು ಮಧ್ಯಾಹ್ನದ ಹೊತ್ತಿನಲ್ಲಿ ಬಂದು, ಬ್ಯಾಂಕಿಗೆ ಜೊತೆಯಲ್ಲಿ ಬರುವಿರಾ ಎಂದು ಕೇಳಿದರು. ಅವರ ಕೈ ನಡುಗುತ್ತಿದ್ದಿತು. ಪರಸ್ಥಳದಲ್ಲಿ ಓದುತ್ತಿರುವ ಮೊಮ್ಮಗನು ಟೆಲಿಫೋನಿನಲ್ಲಿ ಅಳುತ್ತ, ತಾನು ಅಪಘಾತವೊಂದರಲ್ಲಿ ಸಿಕ್ಕಿಕೊಂಡಿರುವೆನೆಂದೂ, ಒಡನೆಯೆ 80,000 ರೂಪಾಯಿ ಕಳುಹಿಸಬೇಕೆಂದೂ, ಅಪ್ಪನಿಗೆ ತಿಳಿಸಕೂಡದೆಂದೂ ಹೇಳಿದನಂತೆ. ಧ್ವನಿಯು ಅವನದೇ ಎಂಬುದರಲ್ಲಿ ಆಕೆಗೆ ಲೇಶವೂ ಸಂದೇಹವಿರಲಿಲ್ಲ. ನಾವು ಹುಡುಗನ ಎಂದಿನ ಸಂಖ್ಯೆಗೆ ಕರೆಮಾಡಿದೆವು. ಅವನು ಆಗತಾನೆ ತರಗತಿಯಿಂದ ಹೊರಬಂದು ಊಟಕ್ಕೆ ಕುಳಿತಿದ್ದನು. ಹಣವೇನೋ ಉಳಿಯಿತು, ಆದರೆ ಆ ಬಳಿಕ ಆಕೆ ಆಡಿದ ಮಾತು ನಮ್ಮ ಮನಸ್ಸನ್ನು ಬಿಟ್ಟುಹೋಗಲೊಲ್ಲದು: “ಇನ್ನು ಮೇಲೆ ಅವನು ನಿಜವಾಗಿಯೂ ಅತ್ತರೆ ನಾನು ನಂಬುವುದು ಹೇಗೆ?”

ಇರುಳಿನಲ್ಲಿ ಆಪ್ತರ ಧ್ವನಿಯಿಂದ ಕರೆಯುವ ಪಿಶಾಚಿಯನ್ನು ಹಿಂದಿರುಗಿಸಲು ನಮ್ಮ ನಾಡಿನ ಕೆಲವೆಡೆಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ವಾಚಕರು ಬಲ್ಲರು. ಪಿಶಾಚಿಯ ಸಂಗತಿ ಹೇಗಾದರೂ ಇರಲಿ. ಮನುಷ್ಯನ ಧ್ವನಿಯ ಸ್ವಲ್ಪ ಭಾಗ ದೊರೆತರೆ ಸಾಕು, ಉಳಿದುದನ್ನು ಯಂತ್ರವೇ ಅನುಕರಿಸಿ ನುಡಿಯುವ ಕಾಲವಿದು. ಆದುದರಿಂದ ಮನೆಯವರು ತಮ್ಮೊಳಗೆ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಟ್ಟುಕೊಳ್ಳುವುದು ಯುಕ್ತವೆಂದು ಅಮೇರಿಕಾ ದೇಶದ ಎಫ್.ಬಿ.ಐ. ತನಿಖಾ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಅಲ್ಲಿಯ ಜನರಿಗೆ ತಿಳಿಸಿತು.

ಇದನ್ನು ನಮಗೆ ಅಮೇರಿಕೆಯವರೇ ಬಂದು ಕಲಿಸಬೇಕಾಗಿರಲಿಲ್ಲ. ಅಶೋಕವನದಲ್ಲಿ ಸೀತಾದೇವಿಯು ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ರಾವಣನೇ ವೇಷ ಮರೆಸಿಕೊಂಡು ಬಂದಿರಬಹುದೆಂದು ಶಂಕಿಸಿದಳು. ಆತನು ಉಂಗುರವನ್ನು ಕೊಟ್ಟನು. ಹಿಂದಿರುಗುವಾಗ ಆಕೆ ಚೂಡಾಮಣಿಯನ್ನು ಕೊಟ್ಟುದಲ್ಲದೆ, ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಪೀಡಿಸಿದ ವೃತ್ತಾಂತವನ್ನೂ ಗುರುತಾಗಿ ಹೇಳಿಕಳುಹಿಸಿದಳು. ಒಡವೆಯಿರಲು ಕಥೆಯೇಕೆ? ಒಡವೆಯನ್ನು ಕದಿಯಬಹುದು. ‘ಮುದ್ರಾರಾಕ್ಷಸ’ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರಿದುದರಿಂದಲೇ ಅಷ್ಟೆಲ್ಲ ಅನರ್ಥವಾಯಿತಷ್ಟೆ. ಇಬ್ಬರೇ ಬಲ್ಲ ನೆನಪನ್ನು ಕದಿಯುವುದು ಅಷ್ಟು ಸುಲಭವಲ್ಲ. 2024ರ ಜುಲೈಯಲ್ಲಿ ಇಟಲಿಯ ಫೆರಾರಿ ಮೋಟಾರು ಸಂಸ್ಥೆಯ ಅಧಿಕಾರಿಯೊಬ್ಬರಿಗೆ ಅವರ ಮುಖ್ಯಾಧಿಕಾರಿಯ ಧ್ವನಿಯಲ್ಲಿಯೇ ಕರೆ ಬಂದ ಸಮಾಚಾರವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಸಂಶಯಗೊಂಡ ಆ ಅಧಿಕಾರಿಯು, ಕೆಲವು ದಿನಗಳ ಕೆಳಗೆ ತಾವು ನನಗೆ ಓದಲು ಹೇಳಿದ ಪುಸ್ತಕವಾವುದೆಂದು ಕೇಳಿದರು. ಕರೆಯು ಒಡನೆಯೆ ನಿಂತುಹೋಯಿತು.

ನಮ್ಮ ಮನೆಯಲ್ಲಿಯೂ ಒಂದು ಮಾತನ್ನು ಗೊತ್ತುಮಾಡಿದೆವು. ಮೂರನೆಯ ದಿನವೇ ಕಿರಿಯ ಮಗುವು ಬಂದ ಅತಿಥಿಗಳ ಮುಂದೆ ಅದನ್ನು ಹಾಡಿನಂತೆ ಹಾಡಿಬಿಟ್ಟಿತು. ಎರಡನೆಯ ಮಾತು ಅಜ್ಜಿಗೆ ನೆನಪುಳಿಯಲಿಲ್ಲ. ಆಕೆಗೆ ಬಿಡಿಮಾತುಗಳು ಮರೆತುಹೋಗುವುವು, ನಡೆದ ಸಂಗತಿಗಳು ಮರೆಯವು. ಹೀಗಾಗಿ ಈಗ ಆಕೆ ಪ್ರಶ್ನೆಯನ್ನೇ ಕೇಳುವಳು; ಹಳೆಯ ಮನೆಯಲ್ಲಿ ನಡೆದ ಯಾವುದೋ ಒಂದು ನಗೆಪಾಟಲು, ಹೊರಗಿನವರಾರೂ ಅರಿಯದುದು. ಹುಟ್ಟಿದ ದಿನ, ಊರಿನ ಹೆಸರು, ಮುದ್ದಿನ ಹೆಸರು ಇವು ಗುರುತಿಗೆ ಬಾರವು. ಮೊಬೈಲಿನಲ್ಲಿ ನಾವೇ ಅವನ್ನು ಲೋಕಕ್ಕೆಲ್ಲ ಸಾರಿರುತ್ತೇವೆ. ಗೊತ್ತುಮಾಡಿದ ಮಾತನ್ನು ವಾಟ್ಸಾಪಿನಲ್ಲಿ ಬರೆದು ಕಳುಹಿಸಲೂ ಕೂಡದು. ಎದುರೆದುರಿಗೆ ಕುಳಿತು ಹೇಳತಕ್ಕದ್ದು. ಒಮ್ಮೆ ಹೊರಬಿದ್ದರೆ ಬದಲಾಯಿಸತಕ್ಕದ್ದು.

ಇನ್ನೊಂದು ಬಗೆಯ ಗುಟ್ಟುಂಟು. ಇದನ್ನು ಅದರೊಡನೆ ಬೆರೆಸಿಕೊಂಡೇ ಅನೇಕರು ಮೋಸಹೋಗುತ್ತಾರೆ. ಬ್ಯಾಂಕು ನಮ್ಮ ಮೊಬೈಲಿಗೆ ಕಳುಹಿಸುವ ಓಟಿಪಿ, ನಾವೇ ಇಟ್ಟುಕೊಂಡ ಪಿನ್ನು, ಇವು ಯಾರ ಕಿವಿಗೂ ಹೇಳುವ ಮಾತುಗಳಲ್ಲ. ಕರೆಮಾಡಿದವನು “ನೀವೇ ಖಾತೆದಾರರೆಂಬುದನ್ನು ಖಚಿತಪಡಿಸಿಕೊಳ್ಳಬೇಕಾಗಿದೆ, ಬಂದ ಅಂಕಿಗಳನ್ನು ಹೇಳಿರಿ” ಎನ್ನುವನು. ವಿಚಾರಮಾಡಿ ನೋಡಿರಿ: ಬಾಗಿಲು ತಟ್ಟಿದವನು ಅವನು, ಗುರುತು ತೋರಿಸಬೇಕಾದವನೂ ಅವನೇ, ಅವನೇ ನಮ್ಮ ಬೀಗದ ಕೈಯನ್ನು ಕೇಳುವುದೆಂದರೇನು? ಹಣವನ್ನು ಪಡೆಯಲು ಯುಪಿಐ ಪಿನ್ನನ್ನು ಒತ್ತಬೇಕಾದುದೇ ಇಲ್ಲ, ಕೊಡಲು ಮಾತ್ರ ಒತ್ತಬೇಕು. ಇದಿಷ್ಟನ್ನು ತಿಳಿಯದೆ ಹಳೆಯ ಮಂಚವನ್ನು ಮಾರಲು ಹೋಗಿ ಹಣವನ್ನೇ ಕಳೆದುಕೊಂಡವರನ್ನು ನಾವು ಬಲ್ಲೆವು. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ 1930 ಎಂಬ ಸಂಖ್ಯೆಗೆ ಆ ಕ್ಷಣದಲ್ಲಿಯೇ ತಿಳಿಸಬೇಕು. ತಡವಾದಷ್ಟೂ ಹಣವು ಕೈಯಿಂದ ಕೈಗೆ ದಾಟಿಹೋಗುವುದು.

ಹೆತ್ತ ಮಗನನ್ನು ಗುರುತು ಕೇಳುವುದು ಅವನಿಗೆ ಅವಮಾನವಲ್ಲವೆ ಎಂದು ಸೋದರಿಯೊಬ್ಬರು ನಮ್ಮನ್ನು ಕೇಳಿದರು. ಹನುಮಂತನು ಮುನಿಸಿಕೊಂಡುದನ್ನು ನಾವು ಎಲ್ಲಿಯೂ ಕೇಳಿಲ್ಲ. ಆದರೂ ಅವರ ಸಂಕೋಚವು ನಮಗೆ ತಿಳಿಯದುದಲ್ಲ. ಆದುದರಿಂದ ಕಷ್ಟ ಬಂದಾಗ ಕೇಳುವುದಕ್ಕಿಂತ, ಎಲ್ಲರೂ ನಗುನಗುತ್ತ ಕೂಡಿರುವಾಗಲೇ ಗೊತ್ತುಮಾಡಿಕೊಳ್ಳುವುದು ಮೇಲು. ಆಗ ಕೇಳಿದವರಿಗೂ ಹೇಳಿದವರಿಗೂ ನೋವಿಲ್ಲ.

ನೆರೆಮನೆಯ ಮೊಮ್ಮಗನು ರಜೆಗೆ ಬಂದಾಗ ಅಜ್ಜಿಯೊಡನೆ ಹಿತ್ತಿಲ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದನು. ಇಬ್ಬರೂ ಏನನ್ನೋ ನೆನೆದು ಗಟ್ಟಿಯಾಗಿ ನಗುತ್ತಿದ್ದುದು ನಮ್ಮ ಅಂಗಳಕ್ಕೂ ಕೇಳಿಸಿತು. ಅವರು ಗೊತ್ತುಮಾಡಿಕೊಂಡ ಗುರುತೇನೆಂದು ನಾವು ವಿಚಾರಿಸಲಿಲ್ಲ. ವಿಚಾರಿಸಿದ್ದರೂ ಆಕೆ ಹೇಳುತ್ತಿರಲಿಲ್ಲ.