ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ಮನೆಗಳಿಗಷ್ಟೇ ಅಲ್ಲ, ಅಮೆರಿಕದ ಸಿರಿವಂತ ಕಂಪೆನಿಗಳಿಗೂ ಸಲ್ಲುತ್ತದೆ.

ನಮ್ಮ ಬೀದಿಗಳಲ್ಲಿ ನೆರಳಚ್ಚಿಗೆ ತನ್ನ ಹೆಸರನ್ನೇ ಕೊಟ್ಟಿರುವ ಜೆರಾಕ್ಸ್ ಕಂಪೆನಿಯು 1970ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಸಂಶೋಧನಾಲಯವೊಂದನ್ನು ತೆರೆಯಿತು. 1973ರಲ್ಲಿ ಅಲ್ಲಿ ‘ಆಲ್ಟೊ’ ಎಂಬ ಗಣಕಯಂತ್ರ ಸಿದ್ಧವಾಯಿತು. ಅಂಗೈಯಡಿಯ ‘ಮೌಸ್’ ಸರಿಸಿದರೆ ತೆರೆಯ ಮೇಲೆ ಕೆಲಸ ನಡೆಯುತ್ತಿತ್ತು. ಕಂಪೆನಿಯು ಅದನ್ನು ಮಾರಾಟಕ್ಕಿಡಲಿಲ್ಲ.

ಹೊರಗಿನ ಹೊಸ ಉದ್ಯಮಗಳಲ್ಲಿ ಹಣ ಹೂಡುವ ಶಾಖೆಯೂ ಜೆರಾಕ್ಸಿಗಿತ್ತು. 1979ರಲ್ಲಿ ಅದು ಸುಮಾರು 10 ಲಕ್ಷ ಡಾಲರು ತೆತ್ತು ಎಳೆಯ ಆಪಲ್ ಕಂಪೆನಿಯ 1 ಲಕ್ಷ ಷೇರುಗಳನ್ನು ಕೊಂಡಿತು. ಆ ನಂಟಿನಿಂದ ಸ್ಟೀವ್ ಜಾಬ್ಸ್ ಮತ್ತು ಸಂಗಡಿಗರಿಗೆ ಸಂಶೋಧನಾಲಯದ ಬಾಗಿಲು ತೆರೆಯಿತು. ಮನೆಯ ಸೊತ್ತು ಪರರ ಪಾಲಾದೀತೆಂದು ಸಂಶೋಧಕಿ ಅಡೆಲ್ ಗೋಲ್ಡ್‌ಬರ್ಗ್ ವಿರೋಧಿಸಿದರು. ಆದರೂ ಮೇಲಿನವರ ಆಜ್ಞೆಯಂತೆ ಎಲ್ಲವನ್ನೂ ತೋರಿಸಬೇಕಾಯಿತು. ಕಂಡದ್ದನ್ನು ತನ್ನದೇ ಬಗೆಯಲ್ಲಿ ಬೆಳೆಸಿದ ಆಪಲ್ 1984ರಲ್ಲಿ ‘ಮ್ಯಾಕಿಂತೋಷ್’ ಯಂತ್ರವನ್ನು 2,495 ಡಾಲರಿಗೆ ಮಾರಿತು. ಜೆರಾಕ್ಸ್ 1981ರಲ್ಲಿ ತಡವಾಗಿ ಹೊರತಂದಿದ್ದ ‘ಸ್ಟಾರ್’ ಯಂತ್ರದ ಬೆಲೆಯಾದರೋ 16,000 ಡಾಲರನ್ನೂ ಮೀರಿತ್ತು.

ಜೆರಾಕ್ಸಿನವರನ್ನು ದಡ್ಡರೆಂದರೆ ಅನ್ಯಾಯವಾದೀತು. ಅದೇ ಸಂಶೋಧನಾಲಯದ ಲೇಸರ್ ಮುದ್ರಣಯಂತ್ರವನ್ನು ಅವರು 1977ರಲ್ಲಿ ಮಾರುಕಟ್ಟೆಗೆ ತಂದು ಅಪಾರ ಲಾಭ ಗಳಿಸಿದರು. ಪ್ರತಿ ತೆಗೆಯುವ ಅವರ ಕುಲಕಸುಬಿಗೆ ಅದು ಹತ್ತಿರದ್ದು, ಗಣಕವು ದೂರದ್ದು. ಅಂಗಡಿಯಲ್ಲಿ ಮಾರುವ ಮದ್ದನ್ನು ಹೋಲುವ ಗಿಡವಷ್ಟೇ ಅವರ ಕಣ್ಣಿಗೆ ಬಿತ್ತು.

ಇಂದು ಹಣಹೂಡಿಕೆಯ ಶಾಖೆಗಳನ್ನು ತೆರೆದು ಊರೂರಿನ ಪ್ರತಿಭೆಯನ್ನು ಅರಸುತ್ತಿರುವ ದೊಡ್ಡ ಉದ್ಯಮಗಳು ಹೊಸ್ತಿಲು ದಾಟುವ ಮುನ್ನ ತಮ್ಮ ಹಿತ್ತಲಿಗೊಮ್ಮೆ ಹೋಗಿ ಬರಲಿ.